ಬಾಣಂತಿ ಕೋಣೆಗೆ ಬಂದ ಬದನೆಕಾಯಿ

ಮಗು ಬಾಯಿ ಹಾಕಿದ ಕೂಡಲೇ ಸಬ್ರೀನ್ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊಲೆತೊಟ್ಟು ಸೀಳಿತ್ತು. ಮಗು ಚೀಪಿದಾಗಲೆಲ್ಲ ಗಾಜಿನ ಚೂರು ಒತ್ತಿದ ಹಾಗೆ ಉರಿ. ಸ್ವಲ್ಪ ಹೊತ್ತು ತಡೆದಳು. ಆಮೇಲೆ ಅವನ ತುಟಿಯ ಸಂದಿಗೆ ಕಿರುಬೆರಳು ತೂರಿಸಿ ಮೆಲ್ಲಗೆ ಬಾಯಿ ಬಿಡಿಸಿದಳು. ಮರ್ಜೂಕ್ ಕಣ್ಣು ಮುಚ್ಚಿಕೊಂಡೇ ಅತ್ತಿತ್ತ ಹುಡುಕಿದ. ಸಿಗಲಿಲ್ಲ. ಅತ್ತ.

"ಕುಡಿದ್ನಾ?" ಅಡುಗೆಮನೆಯಿಂದ ಅತ್ತೆ ಸನಿಯ್ಯಾ ಕೂಗಿದರು.

"ಕುಡಿದ, ಅತ್ತೆ."

"ಹೊಟ್ಟೆ ತುಂಬಿದ ಕೂಸು ಹೀಗೆ ಅಳುತ್ತೇನೇ?"

ಸಬ್ರೀನ್ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಅವನ ಕತ್ತಿನ ಹಿಂದಿನ ಆ ಹಾಲುವಾಸನೆ, ಕಿವಿಯ ಮೇಲಿನ ನವಿರು ಕೂದಲು, ಬೆರಳು ಕೊಟ್ಟರೆ ಬಿಡದೆ ಹಿಡಿಯುವ ಮುಷ್ಟಿ. ಇದೆಲ್ಲ ಅವಳಿಗೆ ಎಷ್ಟು ಇಷ್ಟವೆಂದರೆ ಕಣ್ಣು ತುಂಬುತ್ತಿತ್ತು. ಆದರೂ ಅವನು ಎಚ್ಚರವಾಗುತ್ತಾನೆ ಅಂದರೆ ಎದೆ ಢವಢವ ಅನ್ನುತ್ತಿತ್ತು. ಇನ್ನಷ್ಟು ಹೊತ್ತು ಮಲಗಲಿ, ಹಾಲು ಕೇಳದಿರಲಿ ಅಂತ ಬೇಡಿಕೊಳ್ಳುತ್ತಿದ್ದಳು. ಇದನ್ನು ಯಾರಿಗೆ ಹೇಳುವುದು? ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವಳು ಕೂಡ ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಇನ್ನೊಂದರಲ್ಲಿ ಮಗುವನ್ನು ಅವಚಿಕೊಂಡು ನಗುನಗುತ್ತಾ ಕುಡಿಸುತ್ತಾಳೆ. ಹೆತ್ತ ಮಗುವೇ ನೋಯಿಸುತ್ತದೆ ಅನ್ನುವ ತಾಯಿ ಎಂಥವಳು?

ಅತ್ತೆ ತುಪ್ಪ ಎಳ್ಳು ಹಾಕಿ ಕುದಿಸಿದ ಗಂಜಿ ಕೊಟ್ಟರು, ಮೆಂತ್ಯದ ಕಷಾಯ ಕೊಟ್ಟರು, ಪಾರಿವಾಳದ ಸಾರು ಕೊಟ್ಟರು. ಎಲ್ಲವನ್ನೂ ಸಬ್ರೀನ್ ಕುಡಿದಳು. ಮಗುವಿನ ತೊಡೆಯ ಮಡಿಕೆ ಮಾತ್ರ ದಿನದಿನಕ್ಕೆ ಸಡಿಲವಾಗುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಬಟ್ಟೆ ಹಿಂಡುತ್ತಿದ್ದವರು ತಟ್ಟನೆ ನಿಂತರು. "ಕೆಳಮನೆ ಇನ್ಸಾಫ್!" ಅಂದರು. "ಏಳನೇ ದಿನದ ಶಾಸ್ತ್ರಕ್ಕೆ ಮಗೂನ ಜರಡೀಲಿ ಮಲಗಿಸಿ ಕುಟ್ಟಾಣಿ ಬಡೀತಿದ್ವಲ್ಲ, ಆಗ ಅವಳು ಸಂತೆಯಿಂದ ನೇರ ಒಳಗೆ ಬಂದ್ಳು. ಕೈಲಿ ಏನಿತ್ತು ಹೇಳು? ಬದನೆಕಾಯಿ! ಕಪ್ಪು ಬದನೆಕಾಯಿ!"

ಮರದ ಪುಡಿ ಮೆತ್ತಿದ ಅಂಗಿಯಲ್ಲೇ ತಿಂಡಿ ತಿನ್ನುತ್ತಿದ್ದ ಗಂಡ ಹಮ್ದಿ, "ಅಮ್ಮಾ, ಬದನೆಕಾಯಿ ಏನು ಮಾಡುತ್ತೆ?" ಅಂದ.

"ಹಾಲು ಬತ್ತಿಸುತ್ತೆ! ನೀನು ಕ್ಷೌರ ಮಾಡಿಸ್ಕೊಂಡು ಬಂದ ದಿನ ನಿನ್ನನ್ನ ಯಾಕೆ ಹೊಸ್ತಿಲಾಚೆ ನಿಲ್ಲಿಸಿದ್ದೆ, ನಿನ್ನ ಮುಖ ನೋಡೋಕೆ ಆಗ್ದೆ ಅಂದ್ಕೊಂಡ್ಯಾ? ಹೊಸ ಕ್ಷೌರ, ಹಸಿ ಮಾಂಸ, ಬದನೆಕಾಯಿ, ಇವು ಬಾಣಂತಿ ಕೋಣೆ ತುಳೀಬಾರದು."

ಅವರು ಮೆಟ್ಟಿಲ ಕಟಾಂಜನ ಹಿಡಿದು ಕೆಳಮನೆಗೆ ಕೇಳುವಂತೆ ಕೂಗಾಡಿದರು. ದುಮ್ಯಾತ್ ಊರಿನ ಆ ಬೀದಿಯಲ್ಲಿ ಬಡಗಿಗಳ ಸುತ್ತಿಗೆಯ ಸದ್ದು ಕೂಡ ಒಂದು ಗಳಿಗೆ ನಿಂತಿತು. ಇನ್ಸಾಫ್ ವಿಧವೆ. ಸಬ್ರೀನ್ ಹೆರಿಗೆ ನೋವಿನಲ್ಲಿದ್ದಾಗ ಸೊಂಟ ತಿಕ್ಕಿದವಳು ಅವಳೇ. ಕೆಳಗಿನಿಂದ ಅವಳ ದನಿ ಬಂತು: "ಅಲ್ಲಾಹನಾಣೆ, ಕುಟ್ಟಾಣಿ ಸದ್ದು ಕೇಳಿ ಖುಷೀಲಿ ಓಡಿಬಂದೆ ಸನಿಯ್ಯಾ, ಚೀಲ ಕೆಳಗಿಡೋದು ಮರೆತೆ..."

ಒಳಗೆ ಸಬ್ರೀನ್ ಹಾಸಿಗೆಯ ಮೇಲೆ ಕಲ್ಲಿನಂತೆ ಕೂತಿದ್ದಳು. ಮೊದಲು ಅವಳಿಗೆ ಅನಿಸಿದ್ದು ಹಗುರ. ತಪ್ಪು ಬೇರೆ ಕಡೆ ಹೋಯಿತಲ್ಲ. ಆ ಹಗುರವೇ ಆಮೇಲೆ ಅವಳಿಗೆ ನಾಚಿಕೆ ತಂದಿತು.

ಶುಕ್ರವಾರ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಪರಿಹಾರ. ಹಾಲು ಬತ್ತಿಸಿದವಳೇ ಅದೇ ವಸ್ತು ತಂದು ಹೊಸ್ತಿಲಲ್ಲಿಡಬೇಕು, ಬಾಣಂತಿ ಏಳು ಸಲ ದಾಟಬೇಕು. ಮೆಟ್ಟಿಲ ತುಂಬ ಹೆಂಗಸರು. ಇನ್ಸಾಫ್ ಬದನೆಕಾಯಿಗಳನ್ನು ತಟ್ಟೆಯಲ್ಲಿ ತಂದಿಟ್ಟು, ತಲೆಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು ಹಿಂದೆ ಸರಿದಳು.

"ನೋಡ್ರೇ, ಹೊಳೀತಾ ಇವೆ. ಎಣ್ಣೆ ಹಚ್ಚಿ ತಂದಿದಾಳೆ," ಯಾರೋ ಚುಚ್ಚಿದರು.

"ತೊಳೆದು ತಂದೆ ಕಣಮ್ಮಾ," ಇನ್ಸಾಫ್ ಸಬ್ರೀನಳಿಗೆ ಮಾತ್ರ ಕೇಳುವಂತೆ ಅಂದಳು. "ನಿನ್ನ ಮಗೂಗೆ ಕೇಡು ಬಯಸ್ತೀನಾ ನಾನು?"

ಸಬ್ರೀನ್ ಮಗುವನ್ನೆತ್ತಿಕೊಂಡು ಒಂದು ಸಲ ದಾಟಿದಳು. ಮತ್ತೊಂದು ಸಲ. ಮರ್ಜೂಕ್ ಅಳುವುದಕ್ಕೂ ಶಕ್ತಿಯಿಲ್ಲದವನಂತೆ ಕುಂಯ್‌ಗುಟ್ಟುತ್ತಿದ್ದ. ಅವಳ ಕಾಲು ಮುಂದೆ ಏಳಲಿಲ್ಲ.

"ಹಾಲು ಬತ್ತಿಲ್ಲ," ಅಂದಳು.

"ಏನಂದೆ?"

"ಬತ್ತಿಲ್ಲ ಅತ್ತೆ. ಹಾಲಿದೆ. ನೋಯುತ್ತೆ. ರಕ್ತ ಬರುತ್ತೆ. ನಾನೇ ಅವನ ಬಾಯಿ ಬಿಡಿಸ್ತೀನಿ, ಹೊಟ್ಟೆ ತುಂಬೋಕೆ ಮುಂಚೆ."

ಮುಖಕ್ಕೆ ಬೆಂಕಿ ಹತ್ತಿದ ಹಾಗಾಯಿತು ಸಬ್ರೀನಳಿಗೆ. ಹಮ್ದಿ ಗೋಡೆ ನೋಡುತ್ತಾ ನಿಂತ. ಇನ್ಸಾಫ್ ತಲೆಬಟ್ಟೆ ಸರಿಸಿ ಅವಳನ್ನೇ ನೋಡಿದಳು.

"ಆವತ್ತಿನಿಂದ ನಾನು ತಲೆಯೆತ್ತಿ ಸಂತೆಗೆ ಹೋಗಿಲ್ಲ," ಅಂದಳು. "ನಿನ್ನ ಬಾಯಿ ಇಷ್ಟು ದಿನ ಎಲ್ಲಿತ್ತೇ?" ತಿರುಗಿ ಇಳಿದುಹೋದಳು. ಕೆಳಗೆ ಬಾಗಿಲು ಮುಚ್ಚಿಕೊಂಡಿತು.

ಅತ್ತೆ ಹೆಂಗಸರನ್ನೆಲ್ಲ ಕೋಳಿ ಓಡಿಸಿದ ಹಾಗೆ ಓಡಿಸಿ, ಸೊಸೆಯನ್ನು ಒಳಗೆ ಕೂರಿಸಿದರು. ಬೈಗುಳಕ್ಕೆ ಕಾದಳು ಸಬ್ರೀನ್. ಅವರು ಬೈಯಲಿಲ್ಲ. ಗಾಯ ನೋಡಿ, "ಅಯ್ಯೋ, ಹುಚ್ಚುಡುಗಿ," ಅಂದರು. "ತೊಟ್ಟು ಮಾತ್ರ ಕೊಟ್ರೆ ಕಚ್ಚದೆ ಏನು ಮಾಡುತ್ತೆ ಕೂಸು? ಬಾಯಿ ಆಕಳಿಸೋ ಅಷ್ಟು ತೆರೀಲಿ. ಹಾಂ, ಈಗ ಒತ್ತು." ಮರ್ಜೂಕ್ ಹಿಡಿದ. ಉರಿಯಿತು. ಆದರೆ ಆ ಸೀಳುವ ಉರಿಯಲ್ಲ. ಸ್ವಲ್ಪ ಹೊತ್ತಿಗೆ ಅವನ ಗಂಟಲಲ್ಲಿ ಗುಟುಕ್, ಗುಟುಕ್ ಅಂತ ಸದ್ದು. ಇಬ್ಬರೂ ಅದನ್ನೇ ಕೇಳುತ್ತಾ ಕೂತರು.

"ಅತ್ತೆ, ಇನ್ಸಾಫ್ ಖಾಲಾ ಹತ್ರ ಹೋಗ್ಬೇಕು."

"ನಲವತ್ತು ದಿನ ಕಳೀದೆ ಮೆಟ್ಟಿಲು ಇಳೀತೀಯಾ?"

"ನೀವು ಬರ್ತೀರಾ?"

ಸನಿಯ್ಯಾ ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮಾಳಿಗೆ ಹತ್ತಿಬಿಟ್ಟರು. ಅವರಿಗೂ ಮುಖ ತೋರಿಸಲಾಗದು ಅಂತ ಸಬ್ರೀನಳಿಗೆ ಅರ್ಥವಾಯಿತು.

ಮಗುವಿಗೆ ಶಾಲು ಸುತ್ತಿ ಅವಳು ಗೋಡೆ ಹಿಡಿದು ಇಳಿದಳು. ಬಾಗಿಲು ತಟ್ಟಿದಳು. "ಖಾಲಾ, ನಾನು." ಒಳಗೆ ಪಾತ್ರೆ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಮರ್ಜೂಕ್ ಮತ್ತೆ ಮುಖ ಕಿವಿಚಿದ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಶಾಲಿನ ಮರೆಯಲ್ಲಿ ಅವನಿಗೆ ಎದೆ ಕೊಟ್ಟಳು. ಕಾಲ್ಬೆರಳು ಮಡಚಿಕೊಂಡು ತಡೆದಳು. ಬಿಡಿಸಲಿಲ್ಲ. ಹತ್ತಿ ಇಳಿಯುವವರು ಅವಳನ್ನು ಬಳಸಿಕೊಂಡು ಹೋದರು.

ಬಾಗಿಲು ತೆರೆಯಿತು.

"ಹಸಿ ಬಾಣಂತಿ, ತಣ್ಣನೆ ಕಲ್ಲಿನ ಮೇಲೆ ಕೂತಿದೀಯಾ? ಸೊಂಟ ಬಿದ್ದುಹೋದ್ರೆ ಅದನ್ನೂ ನನ್ನ ತಲೆಗೆ ಕಟ್ಟೋಕಾ?" ಇನ್ಸಾಫಳ ದನಿ ಇನ್ನೂ ಗಡುಸಾಗಿತ್ತು. "ಏಳು. ಒಳಗೆ ಬಾ."

ಸಬ್ರೀನ್ ಎದ್ದಳು. ತಲೆ ಎತ್ತಲಾಗಲಿಲ್ಲ. ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಇನ್ಸಾಫಳ ಪಾದಗಳನ್ನಷ್ಟೇ ನೋಡುತ್ತಾ ಒಳಗೆ ಹೋದಳು.