ಮಾವನ ನಕ್ಷೆಗೆ ತೆಳು ತೇಪೆ

ನಮ್ಮ ಮಾವ ರೈಲು ಓಡಿಸಿ ನಿವೃತ್ತರಾದವರು. ತಾವು ಓಡಾಡಿದ ಹಳಿಗಳ ಹಳೆಯ ನಕ್ಷೆಯನ್ನು ದಿನಾ ಬೆಳಿಗ್ಗೆ ಮೇಜಿನ ಮೇಲೆ ಬಿಚ್ಚಿ, ಬೆರಳಲ್ಲೇ ಒಂದು ಸುತ್ತು ಹೋಗಿಬರದಿದ್ದರೆ ಅವರಿಗೆ ಕಾಫಿ ಇಳಿಯದು. ಹಿಂದೊಮ್ಮೆ ಅದರ ಮಡಿಕೆ ಬಿಟ್ಟಾಗ ಮಗರಾಯರು, ಅಂದರೆ ನನ್ನ ಯಜಮಾನರು, ಉಪಕಾರ ಮಾಡಲು ಹೋಗಿ ಪ್ಲಾಸ್ಟಿಕ್ ಟೇಪ್ ಅಂಟಿಸಿದ್ದರು. ಟೇಪು ಹಳದಿಗಟ್ಟಿ ಕಿತ್ತು ಬಂದಾಗ ಒಂದು ಸ್ಟೇಷನ್ನನ್ನೂ ಕಿತ್ತುಕೊಂಡೇ ಬಂತು. ಅಂದಿನಿಂದ ಮಗ ನಕ್ಷೆಯ ಹತ್ತಿರ ಸುಳಿಯುವಂತಿಲ್ಲ. ಪಾಪ, ಚಿಕ್ಕಂದಿನಲ್ಲಿ ಅದೇ ನಕ್ಷೆಯ ಮೇಲೆ ಅಪ್ಪನ ಬೆರಳು ಹಿಡಿದು ಊರೂರು ಸುತ್ತಿದವರು ಈಗ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಈ ಸಲ ಇನ್ನೊಂದು ಮಡಿಕೆ ಬಿಟ್ಟಿತು. ನಾನು ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ದುರಸ್ತಿ ಮಾಡುವವಳು. ಮಾವ ಅರೆಮನಸ್ಸಿನಿಂದಲೇ ನಕ್ಷೆ ಕೊಟ್ಟರು.

"ಇನ್ನೊಂದು ಸ್ಟೇಷನ್ ಹೋದ್ರೆ ನೋಡು!"

ನಾನು ಎರಡು ಕಾಗದ ಮುಂದಿಟ್ಟೆ. ಎರಡೂ ವರ್ಷಗಟ್ಟಲೆ ಹಳದಿಯಾಗದಂಥವು. ಮಾವ ಎಳೆದು ನೋಡಿದರು. ದಪ್ಪನೆಯದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತೆಳ್ಳನೆಯದು ಪರ್ ಎಂದಿತು.

"ಗಟ್ಟೀದೇ ಹಾಕಮ್ಮ. ಇನ್ನೇನು ಯೋಚನೆ?"

"ಇಲ್ಲ ಮಾವ. ನಕ್ಷೆಗೆ ವಯಸ್ಸಾಗಿದೆ. ಗಟ್ಟಿ ತೇಪೆ ಬಗ್ಗಲ್ಲ, ಎಳೆದಾಗ ಪಕ್ಕದ ನಕ್ಷೆನೇ ಹರಿಯುತ್ತೆ. ತೆಳೂದಾದ್ರೆ ತಾನು ಹರಿದು ನಕ್ಷೆ ಉಳಿಸುತ್ತೆ."

"ಹರೀಲಿ ಅಂತ ತೇಪೆ ಹಾಕ್ತಾರಾ ಯಾರಾದ್ರೂ?" ಮಾವ ಮುಖ ಊದಿಸಿಕೊಂಡರು.

ನಾನೂ ಬಿಡುವವಳಲ್ಲ. ತೆಳು ಕಾಗದದ ಮೇಲೆ ನೀರಿನ ಗೆರೆ ಎಳೆದು, ಕತ್ತರಿ ಮುಟ್ಟಿಸದೆ ಕೈಯಲ್ಲೇ ಪಟ್ಟಿ ಹರಿದು, ಅಂಚಿನ ಎಳೆಗಳು ಮೆತ್ತಗೆ ಕೂರುವಂತೆ ಗಂಜಿಯಿಂದ ನಕ್ಷೆಯ ಹಿಂಬದಿಗೆ ಅಂಟಿಸಿದೆ.

ಒಂದು ಭಾನುವಾರ ಮಾವ ಸ್ನಾನಕ್ಕೆ ಹೋಗಿದ್ದಾಗ ನನ್ನ ಯಜಮಾನರು ಆಸೆ ತಡೆಯಲಾರದೆ ನಕ್ಷೆ ಬಿಚ್ಚಿದರು. ಬಚ್ಚಲ ಬಾಗಿಲು ಸದ್ದಾದದ್ದೇ ತಡ, ಗಾಬರಿಯಲ್ಲಿ ಮಡಚಲು ಹೋಗಿ ಎಳೆದೇಬಿಟ್ಟರು. ಪರ್! ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದುರಿಗೇ ನಿಂತಿದ್ದರು.

ಮಾವ ಕನ್ನಡಕ ಹಾಕಿಕೊಂಡು, ಬೆರಳೂರಿ ಹೊರಟರು. ಒಂದೊಂದೇ ಸ್ಟೇಷನ್. ಎಲ್ಲವೂ ಇದ್ದಲ್ಲೇ ಇದ್ದವು. ಹರಿದದ್ದು ನನ್ನ ತೇಪೆ ಮಾತ್ರ. ನನ್ನ ಕೈಕೆಲಸ ಹಾಳಾದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

"ಆ ತೆಳು ಕಾಗದ ಇನ್ನೂ ಇದೆಯೇನಮ್ಮ?"

"ಬೇಕಾದಷ್ಟಿದೆ ಮಾವ."

ಮಾವ ಪಕ್ಕದ ಕುರ್ಚಿ ಎಳೆದು, ಮೆಲ್ಲಗೆ ಜಾರಿಕೊಳ್ಳುತ್ತಿದ್ದ ಮಗನತ್ತ ತಿರುಗಿದರು.

"ಏಯ್, ಎಲ್ಲಿಗೋ ಓಡ್ತೀಯ? ಬಾ, ಕೂತ್ಕೋ. ಎಲ್ಲಿಂದ ಹೊರಡೋಣ ಹೇಳು."