ಮಾರ್ಗದರ್ಶಕರು ಯಾರು?

ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ಆಯಿಷಾ ಕಾಲೇಜಿನ ಮಹಡಿ ಹತ್ತುತ್ತಿದ್ದಳು. ಅಂದು ಎಂ.ಎ. ರಾಜ್ಯಶಾಸ್ತ್ರದ ಮಕ್ಕಳಿಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕರಿಗೆ ನೀರು, ಚಹಾ, ಖಾನಾವಳಿಯ ಊಟ, ಎಲ್ಲವೂ ಅವಳ ತಲೆಗೇ ಬಂದಿತ್ತು. ಚನ್ನಗಿರಿಯ ಆ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ಕೆಲಸವೂ ಮುಗಿಯುತ್ತಿತ್ತು. ಮತ್ತೆ ಕರೆಯುವುದು ಬಿಡುವುದು ವಿಭಾಗದ ಮುಖ್ಯಸ್ಥ ರಘುನಾಥರ ಕೈಯಲ್ಲಿತ್ತು.

ಅವರ ಮನಸ್ಸು ಕೆಡದಂತೆ ನೋಡಿಕೊಳ್ಳುವುದರಲ್ಲೇ ಅವಳ ವಯಸ್ಸು ಸವೆದಿತ್ತು. ಅವರ ಪಾಠ ಇವಳೇ ಮಾಡುತ್ತಿದ್ದಳು. ಮಕ್ಕಳ ಕಿರುಪ್ರಬಂಧಗಳನ್ನು ಇವಳೇ ತಿದ್ದುತ್ತಿದ್ದಳು. ಆದರೆ ಅತಿಥಿ ಉಪನ್ಯಾಸಕರು ಮಾರ್ಗದರ್ಶಕರಾಗುವಂತಿಲ್ಲ ಎಂಬ ನಿಯಮದಿಂದ ಪ್ರಬಂಧದ ಮೇಲೆ ಅಚ್ಚಾಗುತ್ತಿದ್ದುದು ರಘುನಾಥರ ಹೆಸರು.

ಆ ವರ್ಷದ ತಂಡದಲ್ಲಿ ಸುನೀತಾ ಎಂಬ ಹುಡುಗಿಯಿದ್ದಳು. ಕತ್ತಲಗೆರೆಯಿಂದಾಚೆಯ ಸಣ್ಣ ಹಳ್ಳಿಯವಳು. ಅವ್ವ ಕೆಂಪಕ್ಕ ನಾಟಿ ಹಚ್ಚುವ ಕೂಲಿ. ಮೊದಲ ದಿನಗಳಲ್ಲಿ ಸುನೀತಾ ತನಗೆ ಬರೆಯಲು ಬರುವುದಿಲ್ಲ ಎಂದು ಅತ್ತಿದ್ದಳು.

"ಮಾತಾಡಾಕೆ ಬರುತ್ತಲ್ಲ? ನಿಮ್ಮೂರ ಕಡೆ ಪಂಚಾಯ್ತಿ ಹೆಂಗೆ ನಡೀತೈತೆ, ಅದನ್ನ ಹೇಳು," ಎಂದಿದ್ದಳು ಆಯಿಷಾ.

ಸುನೀತಾ ಹೇಳಿದ್ದು ಇಷ್ಟು: ಅಧ್ಯಕ್ಷೆಯಾದ ಹೆಂಗಸು ಕೆಂಪಕ್ಕನ ಜೊತೆ ಗದ್ದೆಯ ಕೆಸರಿನಲ್ಲಿರುತ್ತಾಳೆ, ಅತ್ತ ಅವಳ ಹೆಸರಿನಲ್ಲಿ ಊರಿನ ದೊಡ್ಡವರೊಬ್ಬರು ಸಭೆ ನಡೆಸುತ್ತಾರೆ. ಅದನ್ನೇ ಬರೆಯಲು ಆಯಿಷಾ ಹೇಳಿದಳು. ಭಾನುವಾರಗಳಲ್ಲಿ ಇಬ್ಬರೂ ಬಸ್ಸು ಹತ್ತಿದರು. ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ಸದಸ್ಯೆಯರನ್ನು ಹುಡುಕಿಕೊಂಡು ಹೋದರು. ಗಂಡಸರು ಹೊರಗೆ ಹೋದ ಮೇಲೆ ಒಲೆಯ ಮುಂದೆ ಕೂತು ಮಾತಾಡಿದವರೇ ಹೆಚ್ಚು. ಜಗಳೂರಿನ ಕಡೆ ಒಬ್ಬಾಕೆ ಪಂಚಾಯಿತಿ ಕಚೇರಿಯ ಒಳಗನ್ನೇ ನೋಡಿರಲಿಲ್ಲ. ಸುನೀತಾ ಬರೆದಳು, ಹರಿದಳು, ಮತ್ತೆ ಬರೆದಳು. ಆಯಿಷಾ ಪ್ರತಿ ಸಾಲಿಗೂ ಜೊತೆಗಿದ್ದಳು.

ಪರೀಕ್ಷೆಗೆ ಮುಂಚೆ ರಘುನಾಥರು ಮಕ್ಕಳನ್ನು ಕರೆದು, ಮಾರ್ಗದರ್ಶನ ಯಾರದೆಂದು ಕೇಳಿದರೆ ತಮ್ಮ ಹೆಸರನ್ನೇ ಹೇಳಬೇಕೆಂದು ತಾಕೀತು ಮಾಡಿದ್ದರು. ಮೊದಲು ಒಳಗೆ ಹೋದ ಮುತ್ತುರಾಜ್ ಹಾಗೆಯೇ ಹೇಳಿದ. ಆಯಿಷಾ ಅಲ್ಲೇ ಚಹಾ ಲೋಟ ಇಡುತ್ತಿದ್ದಳು. ಅವನು ತಲೆ ಎತ್ತಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ. ಅವನ ಮನೆಯೂ ಈ ಡಿಗ್ರಿಗೇ ಕಾದಿತ್ತು.

ಆಮೇಲೆ ಸುನೀತಾ ಬಂದಳು. ಪರೀಕ್ಷಕರು ಪ್ರಬಂಧ ಚೆನ್ನಾಗಿದೆ ಎಂದರು. ಹಳ್ಳಿ ಹಳ್ಳಿ ಸುತ್ತಿಸಿ ಇದನ್ನು ಮಾಡಿಸಿದವರು ಯಾರೆಂದು ಕೇಳಿದರು.

"ಆಯಿಷಾ ಮೇಡಂ," ಎಂದಳು ಸುನೀತಾ.

ಪರೀಕ್ಷಕರ ಪಕ್ಕದಲ್ಲೇ ಕೂತಿದ್ದ ರಘುನಾಥರು ನಕ್ಕರು. ಹುಡುಗಿ ಗಾಬರಿಯಲ್ಲಿದ್ದಾಳೆ, ಇನ್ನೊಮ್ಮೆ ಯೋಚಿಸಿ ಹೇಳಲಿ ಎಂದರು. ಸುನೀತಾ ಅವರ ಕಡೆಗೇ ತಿರುಗಿದಳು.

"ಅಧ್ಯಕ್ಷೆ ಹೆಸರಾಗೆ ಬೇರೇರು ಸಭೆ ನಡೆಸೋದು ತಪ್ಪು ಅಂತ ಬರ್ದೀನಿ ಸರ್. ಹಂಗೆ ಬರ್ದು, ಇಲ್ಲಿ ಮೇಡಂ ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಹೇಳಿದ್ರೆ, ನಾನು ಬರ್ದಿದ್ದು ನಾನೇ ಅಳಿಸಿದಂಗೆ."

ರಘುನಾಥರ ಮುಖ ಕಪ್ಪಿಟ್ಟಿತು. ಅವರು ಆಯಿಷಾಳ ಕಡೆ ತಿರುಗಿದರು. "ನೀವು ಟೈಪ್ ಮಾಡಾಕೆ ಸ್ವಲ್ಪ ಸಹಾಯ ಮಾಡಿದ್ರಿ, ಅಷ್ಟೇ ತಾನೆ? ಹೇಳ್ರಿ."

ಹೌದು ಎಂದರೆ ಮುಂದಿನ ವರ್ಷವೂ ಕೆಲಸವಿತ್ತು. ಮನೆಯಲ್ಲಿ ತಾಯಿ ಗುಲ್ಜಾರ್‌ಬೀ ಬಿ.ಪಿ. ಮಾತ್ರೆಯ ಮೇಲೆ ಬದುಕಿದ್ದಳು. ಆಯಿಷಾ ಅದನ್ನೆಲ್ಲ ನೆನೆದಳು. ಎದುರಿಗೆ ಸುನೀತಾ ಒಬ್ಬಳೇ ನಿಂತಿದ್ದಳು.

ಆಯಿಷಾ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಓದಿಸಿದ್ದು ನಾನು ಸರ್. ಊರೂರು ತಿರುಗಿದ್ದೂ ನಾನು, ತಿದ್ದಿದ್ದೂ ನಾನು. ನೀವು ಅದನ್ನ ಇನ್ನೂ ಓದೇ ಇಲ್ಲ."

ಪರೀಕ್ಷಕರು ಪ್ರಬಂಧದ ಪುಟ ತಿರುವಿ ಮುಂದಿನ ಪ್ರಶ್ನೆ ಕೇಳಿದರು. ಸುನೀತಾಳ ನಂತರ ಒಳಗೆ ಹೋದವರಲ್ಲಿ ಕೆಲವರು ಆಯಿಷಾಳ ಹೆಸರು ಹೇಳಿದರು, ಕೆಲವರು ಹೆದರಿದರು. ಸುನೀತಾ ಒಳ್ಳೆಯ ಅಂಕ ಪಡೆದು ಪಾಸಾದಳು. ಪ್ರಬಂಧದ ಮೇಲಿದ್ದ ರಘುನಾಥರ ಹೆಸರು ಹಾಗೇ ಉಳಿಯಿತು.

ಕಾಲೇಜು ಮತ್ತೆ ಶುರುವಾದಾಗ ಆಯಿಷಾಳಿಗೆ ಕರೆ ಬರಲಿಲ್ಲ. ಬಂದು ತಪ್ಪಾಯಿತೆಂದರೆ ನೋಡೋಣ ಎಂದು ರಘುನಾಥರು ಹೇಳಿ ಕಳಿಸಿದರು. ಅವಳು ಹೋಗಲಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ತನ್ನ ಹಾಗೆಯೇ ಅತಿಥಿ ಉಪನ್ಯಾಸಕರಾಗಿ ದುಡಿಯುವವರಿಗೆ ಫೋನು ಮಾಡಿದಳು. ಕೆಲವರು ಮಾತು ಮುಗಿಯುವ ಮುನ್ನವೇ ಫೋನ್ ಇಟ್ಟರು. ಉಳಿದವರು ತಮ್ಮ ತಮ್ಮ ರಘುನಾಥರ ಕಥೆ ಹೇಳಿದರು.

ಒಂದು ಸೋಮವಾರ ಅವರೆಲ್ಲ ಆಯಿಷಾಳ ಜೊತೆ ಚನ್ನಗಿರಿಯ ಕಾಲೇಜಿನ ಗೇಟಿನ ಮುಂದೆ ಜಮಖಾನ ಹಾಸಿ ಕೂತರು. ಕೆಲಸಕ್ಕೆ ಭದ್ರತೆ ಬೇಕು, ಮಾಡಿದ ಕೆಲಸಕ್ಕೆ ನಮ್ಮ ಹೆಸರಿರಬೇಕು ಎಂದು ಕೇಳಿದರು. ಸುನೀತಾ ಬಂದಳು. ಅವಳ ಹಿಂದೆ ಕೂಲಿ ಬಿಟ್ಟು ಕೆಂಪಕ್ಕನೂ ಬಂದಳು.

ಇವರನ್ನು ಎಬ್ಬಿಸಲು ಪ್ರಾಂಶುಪಾಲರು ಕಾವಲುಗಾರ ಮೂಕಪ್ಪನನ್ನು ಕಳಿಸಿದರು. ಅವನು ಲಾಠಿ ಹಿಡಿದು ಬಂದು ಗೇಟಿಗೆ ಒರಗಿ ನಿಂತ. ಯಾರನ್ನೂ ಎಬ್ಬಿಸಲಿಲ್ಲ. ಒಬ್ಬೊಬ್ಬರು ಆಡಿದ ಮಾತನ್ನೂ ಪೂರ್ತಿ ಕೇಳಿಸಿಕೊಂಡ. ಆಮೇಲೆ ಆಯಿಷಾಳ ಹತ್ತಿರ ಬಂದು ಬಗ್ಗಿದ.

"ಮೇಡಮ್ಮರೇ, ನಮ್ದೂ ಗುತ್ತಿಗೇನೆ. ಯಾವತ್ತು ಬ್ಯಾಡ ಅಂತಾರೋ ಗೊತ್ತಿಲ್ಲ. ಇದು ಓದಿಸೋರಿಗೆ ಮಾತ್ರನಾ, ನಮ್ಮಂಥೋರೂ ಕುಂದ್ರಬೋದಾ?"

ಆಯಿಷಾ ಸರಿದು ಜಾಗ ಮಾಡಿದಳು. ಮೂಕಪ್ಪ ಲಾಠಿಯನ್ನು ಗೇಟಿನ ಸರಳಿಗೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಕೆಂಪಕ್ಕನ ಪಕ್ಕದಲ್ಲಿ ಕೂತ.