ಬೇಡ ಅಂದವರು

“ನಾನು ಬೆರಳು ಎತ್ತಿದ ಮೇಲೆ ಮೂರು ಎಣಿಸು. ಆಮೇಲೆ ಮುಖದ ಸೆರಗು ತೆಗಿ. ಹೋದ ವರ್ಷ ಒಂದಕ್ಕೇ ತೆಗೆದುಬಿಟ್ಟೆ. ಜನಕ್ಕೆ ಉಸಿರು ಬಿಗಿಹಿಡಿಯೋಕೂ ಪುರುಸೊತ್ತು ಕೊಡಲಿಲ್ಲ,” ಎಂದ ಮೊಫಿಜುಲ್, ಕನ್ನಡಿಯ ಮುಂದೆ ಜುಬ್ಬದ ಗುಂಡಿ ಹಾಕುತ್ತ.

ತಂಗಿ ಹಾಸ್ನಾ ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸುತ್ತಿದ್ದಳು.

ಆ ಮನೆಯಲ್ಲಿ ಮಾತಾಡುವ ಕೆಲಸ ಒಬ್ಬನದೇ. ಹೊಟ್ಟೆಪಾಡಿಗೆ ಅವನು ಸಿರಾಜ್‌ಗಂಜಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಆದರೆ ಅವನಂಥ ಭಾಷಣಕಾರ ಜಮುನೆಯ ಎರಡು ದಡದಲ್ಲೂ ಹುಟ್ಟಿಲ್ಲ, ಹುಟ್ಟುವ ಸೂಚನೆಯೂ ಇಲ್ಲ. ಪ್ರತಿ ಮಹಿಳಾ ದಿನಕ್ಕೆ ಅವನು ಟೌನ್‌ಹಾಲಿನಲ್ಲಿ ಬಾಯಿ ತೆರೆದರೆ ನದಿಯಲ್ಲಿ ದೋಣಿಗಳು ಲಂಗರು ಹಾಕುತ್ತವೆ. ಒಮ್ಮೆ ಒಬ್ಬ ಕಟುಕ ಅತ್ತೂ ಅತ್ತೂ ವಾರಗಟ್ಟಲೆ ಅಂಗಡಿ ತೆರೆಯಲಿಲ್ಲ. ಇದರಲ್ಲಿ ಅರ್ಧ ಸುಳ್ಳೆಂದರೂ ಉಳಿದರ್ಧ ಒಬ್ಬ ಮನುಷ್ಯನಿಗೆ ಬೇಕಾದಷ್ಟಾಯಿತು.

ಭಾಷಣದ ಬೆನ್ನೆಲುಬು ಒಂದೇ ವಾಕ್ಯ: ನನ್ನ ತಂಗಿ ಬೇಡ ಅಂದಳು. ಹದಿನೈದರ ಹುಡುಗಿ ಅಕ್ಕಿ ವ್ಯಾಪಾರಿಯ ಮಗ ಬಾದಲ್‌ನನ್ನು ಬೇಡ ಅಂದಳು. ಅವನು ಬ್ಯಾಟರಿ ಅಂಗಡಿಯ ಆಸಿಡ್ ತಂದು, ಶಾಲೆಯಿಂದ ಬರುತ್ತಿದ್ದವಳ ಮುಖಕ್ಕೆ ಎರಚಿದ. ಆಗ ಬೆರಳು. ಆಗ ಸೆರಗು. ಆಗ ಚಪ್ಪಾಳೆ.

“ಅಣ್ಣಾ, ಇವತ್ತು ಒಂದು ಮಾತು ತಿದ್ದು,” ಎಂದಳು ಹಾಸ್ನಾ.

“ಯಾವುದು, ಆ ಸೂರ್ಯಾಸ್ತದ ಸಾಲಾ? ನನಗೂ ಸ್ವಲ್ಪ ಉದ್ದ ಅನಿಸಿತ್ತು.”

“ನಾನು ಬೇಡ ಅನ್ನಲಿಲ್ಲ.”

ಗುಂಡಿ ತಪ್ಪು ಕಾಜಕ್ಕೆ ಹೋಯಿತು.

“ಬಾದಲ್ ಕೇಳಿದ್ದು ನಿನ್ನನ್ನ. ಚಹಾದಂಗಡೀಲಿ. ನನ್ನ ಯಾರು ಕೇಳಿದ್ರು?”

“ಹೆಣ್ಣು ಕೇಳೋಕೆ ಬಂದವರು ಅಣ್ಣನ್ನ ಬಿಟ್ಟು ಬೀದಿ ದೀಪದ ಕಂಬಾನ ಕೇಳ್ತಾರಾ?”

ತಾನೇ ನಕ್ಕ. ಅವಳು ನಗಲಿಲ್ಲ.

“ನೀನೇನಂದೆ, ನೆನಪಿದೆಯಾ?”

ನೆನಪಿಲ್ಲದೆ ಏನು. ಆ ದಿನ ಇಡೀ ಚಹಾದಂಗಡಿ ನಕ್ಕು ನಕ್ಕು ಚಹಾ ನೆತ್ತಿಗೆ ಹತ್ತಿಸಿಕೊಂಡಿತ್ತು. ‘ಮೊದಲು ಮೂತಿಗೆ ಮೆತ್ತಿದ ತೌಡು ಒರೆಸಿಕೊ ಮಾರಾಯ, ಆಮೇಲೆ ನನ್ನ ತಂಗೀನ ಕೇಳು.’ ಅವನ ಬದುಕಿನ ಮೊದಲ ಯಶಸ್ವಿ ಭಾಷಣ ಅದು.

“ಹದಿನಾರು ವರ್ಷ ಆಯ್ತಲ್ಲೇ. ಈಗ ಯಾಕೆ?”

“ಎರಚಿದವನು ಬಾದಲ್. ಆ ಪಾಪ ಅವನದು. ಅದರಲ್ಲಿ ನಿನಗೆ ಪಾಲು ಕೊಡೋಲ್ಲ. ಆದರೆ ನನ್ನ ಹೊಲಿಗೆ ಕ್ಲಾಸಿನ ಮೊಮೆನಾ ಇದ್ದಾಳಲ್ಲ, ಇಷ್ಟ ಇಲ್ಲದ ಗಂಡಿಗೆ ಹೂಂ ಅಂದ್ಲು. ಶುಕ್ರವಾರ ನಿಕಾಹ್. ಯಾಕೇ ಅಂದ್ರೆ, ‘ನೀವು ಬೇಡ ಅಂದು ಏನಾದ್ರಿ ಆಪಾ, ನಿಮ್ಮಣ್ಣ ಹೇಳ್ತಾರಲ್ಲ’ ಅಂತಾಳೆ. ಇವತ್ತು ಮುಂದಿನ ಸಾಲಲ್ಲೇ ಕೂತಿರ್ತಾಳೆ. ಬೇಡ ಅಂದವನು ನೀನು ಅಂತ ಹೇಳು. ನನ್ನ ಯಾರೂ ಕೇಳಲೇ ಇಲ್ಲ ಅಂತ ಹೇಳು.”

“ಕೇಳಿದ್ದರೆ ಏನಂತಿದ್ದೆ?”

“ಯಾರಿಗೆ ಗೊತ್ತು? ನನಗೂ ಗೊತ್ತಿಲ್ಲ.” ಮಂಡಕ್ಕಿಯ ಬಟ್ಟಲನ್ನು ಅವನತ್ತ ತಳ್ಳಿದಳು. “ಹೇಳಿದ್ರೆ ಸೆರಗು ತೆಗೀತೀನಿ. ಇಲ್ಲದಿದ್ರೆ ಇಲ್ಲ.”

ರಿಕ್ಷಾ ಹತ್ತುತ್ತಲೇ ಮೊಫಿಜುಲ್‌ಗೆ ಧೈರ್ಯ ಮರಳಿತು. ವೇದಿಕೆಯ ಮೇಲೆ ಎಂಥವರೂ ಸರಿಹೋಗುತ್ತಾರೆ, ಹಾಸ್ನಾ ಕೂಡ. ಟೌನ್‌ಹಾಲಿನ ಬಾಗಿಲಲ್ಲಿ, ಬ್ಯಾನರಿನ ಮೇಲೆ, ಅವನ ಮುಖ ಆನೆಯಷ್ಟು ದೊಡ್ಡದಾಗಿ ತೂಗುತ್ತಿತ್ತು. ಒಳಗೆ ಹತ್ತು ಸಾವಿರ ಜನ. ಕುರ್ಚಿಗಳು ನಾನೂರು, ಇರಲಿ.

ಮಾತು ಹರಿಯಿತು. ಜಿಲ್ಲಾಧಿಕಾರಿಯ ಹೆಂಡತಿ ಮೊದಲ ಕರವಸ್ತ್ರ ತೆಗೆದಳು. ಆ ವಾಕ್ಯ ಹತ್ತಿರ ಬಂತು. ಮುಂದಿನ ಸಾಲಿನಲ್ಲಿ ಒಂದು ಹುಡುಗಿ, ಮೊಣಕೈವರೆಗೆ ಹೊಸ ಬಳೆ, ಅವನ ಬಾಯನ್ನೇ ನೋಡುತ್ತಿತ್ತು.

“ನನ್ನ ತಂಗಿಯನ್ನು...” ಎಂದ. ನಾಲಿಗೆ ಒಂದು ಕ್ಷಣ ತಡವರಿಸಿತು. ಹದಿನಾರು ವರ್ಷದ ಅಭ್ಯಾಸ ಅದನ್ನು ಕೈಹಿಡಿದು ದಾಟಿಸಿತು. “ನನ್ನ ತಂಗಿ ಬೇಡ ಅಂದಳು!”

ಬೆರಳು ಎತ್ತಿದ.

ಒಂದು. ಎರಡು. ಮೂರು. ಹತ್ತು.

ವೇದಿಕೆಯ ಮೇಲೆ ಪಕ್ಕದಲ್ಲೇ ಕೂತಿದ್ದ ಹಾಸ್ನಾಳ ಸೆರಗು ಅಲುಗಲಿಲ್ಲ. ಮೊಮೆನಾ ತಲೆ ತಗ್ಗಿಸಿ ಬಳೆಗಳನ್ನು ಮೇಲೆ ಕೆಳಗೆ ಸರಿಸತೊಡಗಿದಳು. ಅವನ ಬೆರಳು ಮಾತ್ರ, ಹೊರಗೆ ಹೋಗಲು ಮೇಷ್ಟ್ರ ಅಪ್ಪಣೆ ಕೇಳುವ ಹುಡುಗನ ಬೆರಳಿನಂತೆ, ಗಾಳಿಯಲ್ಲಿ ನಿಂತಿತ್ತು.

ಇನ್ನೂ ಹೇಳಬಹುದಿತ್ತು. ನಾಲ್ಕೇ ಪದ: ನನ್ನ ತಂಗಿಯನ್ನು ಯಾರೂ ಕೇಳಲಿಲ್ಲ. ಬಾಯಿ ತೆರೆದ. ದುಃಖಕ್ಕೆ ಗಂಟಲು ಕಟ್ಟಿತೆಂದುಕೊಂಡು ಪ್ರಿನ್ಸಿಪಾಲರು ಪಕ್ಕದಿಂದ ನೀರಿನ ಲೋಟ ಚಾಚಿದರು. ಅವನು ಎತ್ತಿದ್ದ ಕೈಯನ್ನೇ ಬೀಸಿ ತೆಗೆದುಕೊಳ್ಳಹೋದ. ಲೋಟ ಅವರ ಕೈಯಿಂದ ಹಾರಿ, ನೀರು ಮಿಂಚಿ, ಹಾಸ್ನಾಳ ಮುಖಕ್ಕೆ ಬಿತ್ತು.

ಸಭೆ ಚೀರಿತು. ಮುಂದಿನ ಸಾಲಿನ ಹುಡುಗಿಯರೆಲ್ಲ ಎರಡೂ ಕೈಯಿಂದ ತಮ್ಮ ತಮ್ಮ ಮುಖ ಮುಚ್ಚಿಕೊಂಡರು.

ಹಾಸ್ನಾ ಮಾತ್ರ ಕೂತಲ್ಲೇ ಕೂತಿದ್ದಳು. ಒದ್ದೆ ಸೆರಗು ಮುಖಕ್ಕೆ ಅಂಟಿ, ಒಂದೊಂದು ಗಂಟು, ಒಂದೊಂದು ಕುಳಿ ಅದರಲ್ಲಿ ಮೂಡುತ್ತಿತ್ತು. ತೆರೆದದ್ದೂ ಅಲ್ಲ, ಮುಚ್ಚಿದ್ದೂ ಅಲ್ಲ.

“ನೀರು,” ಎಂದ ಮೊಫಿಜುಲ್. ಮೈಕು ಬಾಯಿಯ ಹತ್ತಿರವೇ ಇತ್ತು. “ನೀರು ಕಣ್ರೀ. ಬರೀ ನೀರು.”

ಹೊರಗೆ, ನದಿಯ ದಡದವರೆಗೂ ಕಂಬಕ್ಕೊಂದರಂತೆ ಕಟ್ಟಿದ್ದ ಧ್ವನಿವರ್ಧಕಗಳು, ಜಮುನೆಯ ಎರಡು ದಡದಲ್ಲೂ ಸಾಟಿಯಿಲ್ಲದ ಆ ಕಂಠದಲ್ಲಿ, ಬರೀ ನೀರು, ಬರೀ ನೀರು ಎನ್ನುತ್ತಲೇ ಇದ್ದವು.